ಅಮೆರಿಕದ ಅತ್ತೆಗೆ ಆಳಂದದ ಮಗು: ದತ್ತಕ ಪತ್ರಕ್ಕೆ ಸಹಿ ಹಾಕುವ ಮೊದಲು

ಪ್ರಶ್ನೆ: ನಮ್ದು ಆಳಂದ ತಾಲ್ಲೂಕು. ನನ್ನ ತಮ್ಮ ತೀರಿಕೊಂಡು ಎರಡು ವರ್ಷ ಆಯ್ತು. ಅವನಿಗಿ 7 ವರ್ಷದ ಮಗ, 4 ವರ್ಷದ ಮಗಳು ಅದಾರ. ತಮ್ಮನ ಹೆಂಡತಿ ಮಕ್ಕಳ್ನ ಕರ್ಕೊಂಡು ನಮ್ಮ ಜೋಡಿನೇ ಅದಾಳ. ನಮ್ಮ ಅಕ್ಕ-ಮಾವ ಅಮೆರಿಕಾದಾಗ ಅದಾರ, ಅವರಿಗಿ ಮಕ್ಕಳಿಲ್ಲ. ಹುಡುಗಿನ ದತ್ತಕ ತಗೋತೀವಿ ಅಂತಾರ, ತಾಯಿನೂ ಹ್ಞೂಂ ಅಂದಾಳ. ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ದತ್ತಕ ಪತ್ರ ಮಾಡ್ಸಿ, ಪಾಸ್‌ಪೋರ್ಟಿನ್ಯಾಗ ಅಕ್ಕ-ಮಾವನ ಹೆಸರು ಹಾಕ್ಸಿದ್ರ ವೀಸಾ ತಾನೇ ಬರ್ತದ ಅಂತ ಬಾಂಡ್ ರೈಟರ್ ಹೇಳ್ಯಾನ. ಮುಂದಿನ ತಿಂಗಳು ಅಕ್ಕ ಊರಿಗಿ ಬರ್ಲಿಕ್ಕತ್ತಾಳ. ಅಷ್ಟರಾಗ ಏನೇನು ತಯಾರಿ ಮಾಡ್ಕೋಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು, ಆ ದತ್ತಕ ಪತ್ರವನ್ನು ಮಾಡಿಸಬೇಡಿ. ಅಕ್ಕ ಬರಲಿ, ಮಗುವಿನ ಜೊತೆ ನಾಲ್ಕು ದಿನ ಇರಲಿ, ಕಾಗದಪತ್ರ ಕೂಡಿಸಲಿ. ಸಬ್ ರಿಜಿಸ್ಟ್ರಾರ್ ಎದುರು ಸಹಿ ಮಾತ್ರ ಈಗ ಬೇಡ. ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿದೇಶಕ್ಕೆ ಹೋಗುವ ಮಗುವಿನ ದತ್ತಕದಲ್ಲಿ ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಕಾಗದ ಕಡಿಮೆ ಬಿದ್ದರೆ ತರಬಹುದು. ಕ್ರಮ ತಪ್ಪಿದರೆ ಸರಿಪಡಿಸುವುದು ಬಹಳ ಕಷ್ಟ, ಕೆಲವೊಮ್ಮೆ ಆಗುವುದೇ ಇಲ್ಲ.

ಬಾಂಡ್ ರೈಟರ್ ಹೇಳಿದ್ದು ಊರೊಳಗಿನ ದತ್ತಕಕ್ಕೆ ಸರಿ. ನಿಮ್ಮ ಅಕ್ಕ ಕಲಬುರಗಿಯಲ್ಲೋ ಬೀದರಿನಲ್ಲೋ ನೆಲೆಸಿದ್ದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೆ ತಾಯಿ ಮಗುವನ್ನು ಕೊಟ್ಟು, ಅವರು ತೆಗೆದುಕೊಂಡು, ಪತ್ರ ನೋಂದಾಯಿಸಿದರೆ ಕೆಲಸ ಮುಗಿಯುತ್ತಿತ್ತು. ಮಗು ದೇಶ ದಾಟುವಾಗ 2015ರ ಬಾಲನ್ಯಾಯ ಕಾಯ್ದೆ ನಡುವೆ ಬರುತ್ತದೆ. ಅದರ 56ನೇ ಕಲಮು ಎಲ್ಲ ಅಂತರದೇಶೀಯ ದತ್ತಕಗಳೂ ಆ ಕಾಯ್ದೆ ಮತ್ತು ಅದರ ದತ್ತಕ ನಿಯಮಾವಳಿಯಂತೆಯೇ ನಡೆಯಬೇಕು ಎನ್ನುತ್ತದೆ. ಸರಿಯಾದ ಆದೇಶವಿಲ್ಲದೆ ಮಗುವನ್ನು ಹೊರದೇಶಕ್ಕೆ ಒಯ್ದರೆ, ಕಳಿಸಿದರೆ, ಅದಕ್ಕೆ ಏರ್ಪಾಡು ಮಾಡಿದರೆ 80ನೇ ಕಲಮಿನಂತೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. 'ಕಳಿಸಿದವರು' ಎಂದರೆ ಇಲ್ಲಿ ಮಗುವಿನ ತಾಯಿ ಮತ್ತು ನೀವು.

ಇನ್ನೊಂದು ತೊಡಕು ಅಮೆರಿಕದ ಕಡೆಯದು. ಅಂತರದೇಶೀಯ ದತ್ತಕದ ಬಗ್ಗೆ 1993ರಲ್ಲಿ ಆದ ಹೇಗ್ ಒಪ್ಪಂದ ಭಾರತಕ್ಕೆ 2003ರ ಅಕ್ಟೋಬರ್‌ನಿಂದ, ಅಮೆರಿಕಕ್ಕೆ 2008ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಂತೆ ಅಮೆರಿಕದ ವಲಸೆ ಇಲಾಖೆ ಮೊದಲು ದಂಪತಿಯನ್ನು, ಆಮೇಲೆ ಮಗುವನ್ನು ಪರಿಶೀಲಿಸಿ ತಾತ್ಕಾಲಿಕ ಒಪ್ಪಿಗೆ ಕೊಡಬೇಕು. ಭಾರತದಲ್ಲಿ ದತ್ತಕ ಪೂರ್ಣವಾಗಬೇಕಾದದ್ದು ಅದರ ನಂತರವೇ. ಮೊದಲೇ ದತ್ತಕ ಮುಗಿಸಿಕೊಂಡು ಹೋದವರ ಅರ್ಜಿಯನ್ನು ಅವರು ತಿರಸ್ಕರಿಸುತ್ತಾರೆ. ಆ ದತ್ತಕವನ್ನು ಭಾರತದ ಸಕ್ಷಮ ಪ್ರಾಧಿಕಾರ ರದ್ದುಪಡಿಸಿದರೆ ಮಾತ್ರ ಹೊಸದಾಗಿ ದಾರಿ ತೆರೆಯುತ್ತದೆ. ಆದರೆ ಹಿಂದೂ ದತ್ತಕ ಕಾಯ್ದೆಯ 15ನೇ ಕಲಮು, ಕ್ರಮಬದ್ಧವಾಗಿ ಆದ ದತ್ತಕವನ್ನು ರದ್ದುಮಾಡಲು ಬರುವುದಿಲ್ಲ ಎನ್ನುತ್ತದೆ. ಅಲ್ಲಿನವರು ರದ್ದು ಮಾಡಿಸಿ ಬನ್ನಿ ಎನ್ನುತ್ತಾರೆ, ಇಲ್ಲಿನ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಮಗು ಕಾಗದದ ಮೇಲೆ ಅಕ್ಕನ ಮಗಳು, ಇರುವುದು ಆಳಂದದಲ್ಲಿ, ಹೆತ್ತ ತಾಯಿಗೆ ಕಾನೂನಿನ ಹಕ್ಕಿಲ್ಲ, ಸಾಕುವವರಿಗೆ ಕರೆದೊಯ್ಯಲು ವೀಸಾ ಇಲ್ಲ. ಒಂದು ನೋಂದಾಯಿತ ಪತ್ರದಿಂದ ಇಷ್ಟೆಲ್ಲ ಆಗುತ್ತದೆ.

ಪಾಸ್‌ಪೋರ್ಟಿನಲ್ಲಿ ಅಕ್ಕ-ಮಾವನನ್ನು ಹೆತ್ತವರೆಂದು ತೋರಿಸುವುದಂತೂ ಸುಳ್ಳು ಮಾಹಿತಿ, ಅದು ಬೇರೆಯೇ ಅಪರಾಧ. ವಿಸಿಟರ್ ವೀಸಾದ ಮೇಲೆ ಕರೆದೊಯ್ದು ಅಲ್ಲಿನ ಕೋರ್ಟಿನಲ್ಲಿ ದತ್ತು ಮಾಡಿಕೊಳ್ಳುವ ಸಲಹೆಯೂ ಬರಬಹುದು. ಮಗುವಿನ ವಾಸ ಭಾರತದಲ್ಲಿ ಇದ್ದುದರಿಂದ ಅಲ್ಲಿಯೂ ಹೇಗ್ ಒಪ್ಪಂದವೇ ಅಡ್ಡ ಬರುತ್ತದೆ. ಕೋರ್ಟು ದತ್ತು ಕೊಟ್ಟರೂ ವಲಸೆ ಇಲಾಖೆ ಅದನ್ನು ಮನ್ನಿಸದೆ ಹೋದರೆ ಹುಡುಗಿ ಆ ದೇಶದಲ್ಲಿ ಕಾಗದವಿಲ್ಲದೆ ಬೆಳೆಯಬೇಕಾಗುತ್ತದೆ.

ಹಿಂದೂ ದತ್ತಕ ಕಾಯ್ದೆಯಡಿ ದತ್ತು ಪಡೆದ ಮಗುವನ್ನು ಹೊರದೇಶಕ್ಕೆ ಒಯ್ಯುವವರಿಗಾಗಿ 2021ರ ಸೆಪ್ಟೆಂಬರ್‌ನಲ್ಲಿ ನಿಯಮಾವಳಿಗೆ ಬೇರೆ ವಿಧಾನ ಸೇರಿಸಿದ್ದಾರೆ. ಅದಕ್ಕೂ ಜಿಲ್ಲಾಧಿಕಾರಿಯ ಪರಿಶೀಲನೆ, ದೆಹಲಿಯ ಕೇಂದ್ರೀಯ ದತ್ತಕ ಸಂಪನ್ಮೂಲ ಪ್ರಾಧಿಕಾರದ (ಎಲ್ಲರೂ 'ಕಾರಾ' ಎನ್ನುತ್ತಾರೆ) ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಅದನ್ನು ಹತ್ತಿರದ ದಾರಿ ಎಂದು ತಿಳಿಯಬೇಡಿ. ನಿಮ್ಮ ಪ್ರಕರಣಕ್ಕೆ ಬಾಲನ್ಯಾಯ ಕಾಯ್ದೆಯ 60ನೇ ಕಲಮಿನ 'ಸಂಬಂಧಿಕರಿಂದ ಅಂತರದೇಶೀಯ ದತ್ತಕ'ವೇ ನೇರವಾದದ್ದು ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ಧರ್ಮದ ಭೇದವಿಲ್ಲ. ಕಲಬುರಗಿ, ಬೀದರ, ಯಾದಗಿರಿಯ ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೂ ಇದೇ ದಾರಿ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮೂರು ಸಂಗತಿ ಖಚಿತ ಮಾಡಿಕೊಳ್ಳಿ.

ಅಕ್ಕ-ಮಾವನ ಹತ್ತಿರ ಇರುವುದು ಪೌರತ್ವವೋ ಗ್ರೀನ್ ಕಾರ್ಡೋ (ಪೌರತ್ವವಿಲ್ಲದೆ ಅಲ್ಲಿ ಕಾಯಂ ವಾಸಕ್ಕೆ ಕೊಡುವ ಪರವಾನಗಿ)? ನಮ್ಮ ಕಡೆ ಎರಡನ್ನೂ 'ಅಲ್ಲೇ ಸೆಟ್ಲ್ ಆಗ್ಯಾರ' ಎಂದುಬಿಡುತ್ತೇವೆ. ಹೇಗ್ ದತ್ತಕದ ಅರ್ಜಿಯನ್ನು ಅಮೆರಿಕದ ಪೌರರು ಮಾತ್ರ ಹಾಕಬಹುದು. ಗಂಡ-ಹೆಂಡತಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು, ದತ್ತಕ ಮಾತ್ರ ಇಬ್ಬರ ಹೆಸರಿನಲ್ಲಿ ಆಗಬೇಕು. ಇಬ್ಬರದೂ ಗ್ರೀನ್ ಕಾರ್ಡ್ ಆದರೆ ಪೌರತ್ವ ಬರುವ ತನಕ ಕಾಯಿರಿ. ಗ್ರೀನ್ ಕಾರ್ಡಿನವರಿಗೆ ಇರುವ ಬೇರೆ ದಾರಿಯಲ್ಲಿ ಮಗುವಿನ ಜೊತೆ ಎರಡು ವರ್ಷ ವಾಸ ಮಾಡಿರಬೇಕೆಂಬ ಶರತ್ತಿದೆ. ಅಲ್ಲಿ ನೌಕರಿ ಮಾಡುವವರಿಗೆ ಅದು ಸಾಧ್ಯವಾಗುವುದು ಅಪರೂಪ.

ಎರಡನೆಯದು, ಅಕ್ಕ ಎಂದರೆ ಒಡಹುಟ್ಟಿದ ಅಕ್ಕನೋ, ದೊಡ್ಡಪ್ಪನ ಮಗಳೋ? ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರು ಎಂದರೆ ಮಗುವಿನ ತಂದೆ ಅಥವಾ ತಾಯಿಯ ಅಣ್ಣತಮ್ಮ, ಅಕ್ಕತಂಗಿ ಮತ್ತು ಎರಡೂ ಕಡೆಯ ಅಜ್ಜ-ಅಜ್ಜಿ, ಇಷ್ಟೇ ಜನ. ಮಗುವಿನ ಸ್ವಂತ ಸೋದರತ್ತೆ ಇದರಲ್ಲಿ ಬರುತ್ತಾರೆ. ತಂದೆಯ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು ಎಷ್ಟೇ ಹತ್ತಿರದವರಾದರೂ ಬರುವುದಿಲ್ಲ.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲದ್ದು. ಮಗುವಿನ ತಂದೆ-ತಾಯಿ ಇಬ್ಬರೂ ಬದುಕಿದ್ದರೆ, ಅವರು ಮಗುವನ್ನು ಸರಿಯಾಗಿ ನೋಡಿಕೊಳ್ಳಲು ಅಸಮರ್ಥರು ಎಂದು ತೋರಿಸದ ಹೊರತು ಅಮೆರಿಕ ಒಪ್ಪುವುದಿಲ್ಲ. ತಮ್ಮನೂ ತಮ್ಮನ ಹೆಂಡತಿಯೂ ಗಟ್ಟಿಮುಟ್ಟಾಗಿ ಇದ್ದು, ಮಕ್ಕಳಿಲ್ಲದ ಅಕ್ಕನಿಗೆ ಪ್ರೀತಿಯಿಂದ ಒಂದು ಮಗು ಕೊಡುವ ನಮ್ಮ ಮನೆತನಗಳ ಪದ್ಧತಿ ಇಲ್ಲಿಯೇ ನಿಂತುಹೋಗುತ್ತದೆ. ನಿಮ್ಮ ಪ್ರಕರಣದಲ್ಲಿ ತಂದೆ ಇಲ್ಲ, ಉಳಿದಿರುವುದು ತಾಯಿ ಒಬ್ಬರೇ. ಹೀಗಿದ್ದಾಗ ಆ ಅಸಮರ್ಥತೆಯ ಶರತ್ತು ಅನ್ವಯಿಸುವುದಿಲ್ಲ, ತಾಯಿಯ ಸ್ವಂತ ಮನಸ್ಸಿನ ಲಿಖಿತ ಒಪ್ಪಿಗೆ ಸಾಕು. ಆದರೆ ಈ ಮಧ್ಯೆ ಆಕೆ ಮರುಮದುವೆಯಾದರೆ ಮಗುವಿಗೆ ಮಲತಂದೆ ಬಂದಂತಾಗಿ ಲೆಕ್ಕ ಬದಲಾಗಬಹುದು. ಮದುವೆಯ ಮಾತು ನಡೆದಿದ್ದರೆ ಅದನ್ನು ಮುಚ್ಚಿಡದೆ ಅಕ್ಕನ ಏಜೆನ್ಸಿಗೆ ಮೊದಲೇ ತಿಳಿಸಿ.

ತಾಯಿಯ ಒಪ್ಪಿಗೆಯ ಬಗ್ಗೆ ಇನ್ನೂ ಹೇಳುವುದಿದೆ. ಆಕೆ ಹ್ಞೂಂ ಅಂದಿದ್ದಾರೆ ಎಂದು ಬರೆದಿದ್ದೀರಿ. ಅತ್ತಿಗೆ ಅಮೆರಿಕದಲ್ಲಿ, ಭಾವ ಎದುರಿಗೆ, ತಾನು ಇರುವುದು ಅವರ ಮನೆಯಲ್ಲಿ, ಗಂಡ ಇಲ್ಲ. ಇಂಥ ಹೆಣ್ಣುಮಗಳ ಬಾಯಿಂದ 'ಇಲ್ಲ' ಬರುವುದು ಎಷ್ಟು ಕಷ್ಟ ಎಂಬುದನ್ನು ನೀವೇ ಯೋಚಿಸಿ. ಈ ಒಪ್ಪಿಗೆಯನ್ನು ಮುಂದೆ ಹಿಂಪಡೆಯಲು ಬರುವುದಿಲ್ಲ. ಆದೇಶವಾದ ದಿನದಿಂದ ಆಕೆ ಕಾನೂನಿನ ಕಣ್ಣಿನಲ್ಲಿ ಆ ಮಗುವಿನ ತಾಯಿಯಾಗಿ ಉಳಿಯುವುದಿಲ್ಲ. ಇದನ್ನು ಆಕೆಗೆ ಆಕೆಯ ಮಾತಿನಲ್ಲಿ, ನೀವ್ಯಾರೂ ಎದುರಿಗಿಲ್ಲದಾಗ ಬಿಡಿಸಿ ಹೇಳುವವರು ಬೇಕು. ಆಕೆಯ ತವರಿನ ಹಿರಿಯರೊಬ್ಬರು, ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು ಕೂತು ಮಾತಾಡಿದರೆ ಒಳ್ಳೆಯದು.

ಹುಡುಗಿ ಹೋದರೆ ಮುಂದೆ ಅವಳೇ ತಾಯಿಯನ್ನು ಕರೆಸಿಕೊಳ್ಳುತ್ತಾಳೆ ಎಂಬ ಆಸೆ ಯಾರಾದರೂ ಹುಟ್ಟಿಸಿದ್ದರೆ ಈಗಲೇ ತೆಗೆದುಹಾಕಿ. ದತ್ತಕದ ಮೂಲಕ ಹೋದ ಮಗುವಿನ ಹೆತ್ತವರಿಗೆ, ಆ ಮಗು ದೊಡ್ಡದಾಗಿ ಪೌರತ್ವ ಪಡೆದ ಮೇಲೂ, ಆ ಹೆತ್ತ ಸಂಬಂಧದ ಆಧಾರದಲ್ಲಿ ಅಮೆರಿಕದ ವಲಸೆ ಕಾನೂನು ಯಾವ ಲಾಭವನ್ನೂ ಕೊಡುವುದಿಲ್ಲ.

ಇಕ್ಕಟ್ಟು ಹಣದ್ದೇ ಆಗಿದ್ದರೆ ಅದಕ್ಕೆ ಬೇರೆ ದಾರಿಯೂ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ವಿಧವೆ ತಾಯಿಯ ಜೊತೆ ಇರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶವಿದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿಯೊಳಗೆ ಇರಬೇಕು. ಅರ್ಜಿ ಅದೇ ಮಕ್ಕಳ ರಕ್ಷಣಾ ಘಟಕಕ್ಕೆ. ಮಗು ಹೆತ್ತವರ ಬಳಿಯೇ ಉಳಿಯುವಂತೆ ಮೊದಲು ಪ್ರಯತ್ನಿಸಬೇಕು ಎಂಬುದು ಹೇಗ್ ಒಪ್ಪಂದದ ಮಾತೂ ಹೌದು. ಈ ಸಹಾಯ ಗೊತ್ತಿದ್ದೂ ತಾಯಿ ದತ್ತಕಕ್ಕೆ ಮನಸ್ಸು ಮಾಡಿದ್ದರೆ ಆ ಒಪ್ಪಿಗೆಗೆ ತೂಕ ಬರುತ್ತದೆ.

ಹಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ತಮ್ಮ ತೀರಿಕೊಂಡ ಮೇಲೆ ಅಕ್ಕ ತಿಂಗಳಿಗಿಷ್ಟು ಎಂದು ಕಳಿಸುತ್ತಿರಬಹುದು. ಅದು ಸಹಜ, ನಿಲ್ಲಿಸಬೇಕಾಗಿಲ್ಲ. ಆದರೆ ಬ್ಯಾಂಕಿನ ಮೂಲಕವೇ ಹೋಗಲಿ, ದತ್ತಕದ ಮಾತು ಶುರುವಾದ ಮೇಲೆ ಮೊತ್ತ ಏರದಿರಲಿ. ಈ ಸಮಯದಲ್ಲಿ ತಾಯಿಯ ಹೆಸರಿಗೆ ಪ್ಲಾಟ್, ಬಂಗಾರ, ಮನೆ ಕಟ್ಟಿಸಿಕೊಡುವುದು ಯಾವುದೂ ಬೇಡ. ಮಗುವಿಗೆ ಪ್ರತಿಯಾಗಿ ಹಣ ಎಂಬ ಅನುಮಾನ ಬಂದರೆ ಅಮೆರಿಕದ ಅಧಿಕಾರಿ ಅರ್ಜಿ ತಿರಸ್ಕರಿಸಬಹುದು. ಇಲ್ಲಿ ಮಗುವನ್ನು ಮಾರುವ, ಕೊಳ್ಳುವ ಅಪರಾಧಕ್ಕೆ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ 5 ವರ್ಷದವರೆಗೆ ಕಠಿಣ ಶಿಕ್ಷೆ ಇದೆ. 'ನಾನು ಮಾಡಿಸಿಕೊಡ್ತೀನಿ, ಇಷ್ಟು ಕೊಡ್ರಿ' ಎನ್ನುವ ಮಧ್ಯವರ್ತಿಯನ್ನು ಮನೆಯ ಬಾಗಿಲಿಗೂ ಬಿಟ್ಟುಕೊಳ್ಳಬೇಡಿ.

ಇನ್ನು ಕೆಲಸ ನಡೆಯುವ ಕ್ರಮ. ಶುರುವಾಗುವುದು ಅಮೆರಿಕದಲ್ಲಿ, ಆಳಂದದಲ್ಲಲ್ಲ. ಅಕ್ಕ-ಮಾವ ತಾವಿರುವ ರಾಜ್ಯದಲ್ಲಿ ಕೆಲಸ ಮಾಡುವ ಮತ್ತು ಕಾರಾ ಮಾನ್ಯ ಮಾಡಿದ ದತ್ತಕ ಏಜೆನ್ಸಿಯನ್ನು ಹಿಡಿಯಬೇಕು. ಏಜೆನ್ಸಿ ಅವರ ಮನೆ, ಆದಾಯ, ಆರೋಗ್ಯ, ದಾಂಪತ್ಯ ನೋಡಿ 'ಹೋಮ್ ಸ್ಟಡಿ' ವರದಿ ತಯಾರಿಸುತ್ತದೆ. ಮನೆಯಲ್ಲಿ ಮಾವನ ತಂದೆ-ತಾಯಿ ಇದ್ದರೆ ಅವರ ಹಿನ್ನೆಲೆಯೂ ತಪಾಸಣೆಯಾಗುತ್ತದೆ. ಈ ವರದಿಯಲ್ಲಿ ದೇಶ ಭಾರತ ಎಂದೂ, ಮಗುವಿನ ವಯಸ್ಸಿನ ಮಿತಿಯೂ ಬರೆದಿರುತ್ತದೆ. ಹುಡುಗಿಗೆ ಈಗ 4 ವರ್ಷ ಎಂದು '5 ವರ್ಷದವರೆಗೆ' ಎಂದು ಬರೆಸಿದರೆ, ಕೆಲಸ ಮುಗಿಯುವುದರೊಳಗೆ ಅವಳಿಗೆ 6 ಆಗಿ ಮತ್ತೆ ತಿದ್ದುಪಡಿ ವರದಿ ಬೇಕಾಗುತ್ತದೆ. 7 ಅಥವಾ 8ರವರೆಗೆ ಬರೆಸಲು ಹೇಳಿ.

ವರದಿಯ ಜೊತೆ ಅವರು ಅಮೆರಿಕದ ವಲಸೆ ಇಲಾಖೆಗೆ ಐ-800ಎ ಎಂಬ ಅರ್ಜಿ ಹಾಕುತ್ತಾರೆ. ಹಾಕುವ ದಿನಕ್ಕೆ ವರದಿ 6 ತಿಂಗಳಿಗಿಂತ ಹಳೆಯದಾಗಿರಬಾರದು. ದಂಪತಿ ಯೋಗ್ಯರು ಎಂಬ ಒಪ್ಪಿಗೆ 15 ತಿಂಗಳು ಚಾಲ್ತಿಯಲ್ಲಿರುತ್ತದೆ. ಇಲ್ಲಿ ನಮ್ಮ ಕಡೆಯ ಕಾಗದಗಳು ತಡವಾದರೆ ಆ ಅವಧಿಯೇ ಮುಗಿದುಹೋಗುತ್ತದೆ, ಆಗ ವಿಸ್ತರಣೆಗೆ ಬೇರೆ ಅರ್ಜಿ. ಆದ್ದರಿಂದಲೇ ಆಳಂದದ ಕಾಗದಗಳನ್ನು ಈಗಿನಿಂದ ಕೂಡಿಸಿ ಎನ್ನುವುದು.

ನಂತರ ಏಜೆನ್ಸಿ ಕಾರಾದ ಪೋರ್ಟಲಿನಲ್ಲಿ ಪ್ರಕರಣ ನೋಂದಾಯಿಸುತ್ತದೆ. ಸಂಬಂಧಿಕರ ದತ್ತಕದಲ್ಲಿ ದಂಪತಿಯ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ, ಅನಾಥಾಲಯದ ಮಗುವಿಗಾಗಿ ನಿಲ್ಲುವ ಸರದಿಯೂ ಇಲ್ಲ. ಕಾರಾ ಆ ದಾಖಲೆಗಳನ್ನು ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸುತ್ತದೆ. ಘಟಕದವರು ನಿಮ್ಮ ಮನೆಗೆ ಬಂದು ಮಗು ಮತ್ತು ತಾಯಿಯ ಕೌಟುಂಬಿಕ ಹಿನ್ನೆಲೆಯ ವರದಿ ಬರೆಯುತ್ತಾರೆ. ಅದು ಕಾರಾ ಮೂಲಕ ಅಮೆರಿಕಕ್ಕೆ ಹೋಗಿ, ಅಕ್ಕ ಮಗುವಿನ ಹೆಸರಿನಲ್ಲಿ ಐ-800 ಎಂಬ ಎರಡನೆಯ ಅರ್ಜಿ ಹಾಕುತ್ತಾರೆ. ಅದಕ್ಕೆ ತಾತ್ಕಾಲಿಕ ಒಪ್ಪಿಗೆ ಸಿಕ್ಕು, ದೆಹಲಿಯ ಅಮೆರಿಕ ರಾಯಭಾರ ಕಚೇರಿಯಿಂದ ಹೇಗ್ ಒಪ್ಪಂದದ 5ನೇ ವಿಧಿಯ ಪತ್ರ (ದಂಪತಿ ಯೋಗ್ಯರು, ಮಗುವಿಗೆ ಆ ದೇಶಕ್ಕೆ ಬರಲು ಅವಕಾಶವಿದೆ ಎಂಬ ಪತ್ರ) ಬಂದ ಮೇಲೆ ಕಾರಾ ಪೂರ್ವಾನುಮತಿ ಕೊಡುತ್ತದೆ. ಜಿಲ್ಲಾಧಿಕಾರಿಗೆ ದತ್ತಕದ ಅರ್ಜಿ ಹೋಗುವುದು ಆಗ, ಅದಕ್ಕಿಂತ ಮೊದಲು ಅಲ್ಲ. ಎಲ್ಲ ಸೇರಿ ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ ಎಂದು ಎಣಿಸಿಕೊಳ್ಳಿ. ಮುಂದಿನ ಜೂನ್‌ಗೆ ಅಮೆರಿಕದ ಶಾಲೆಗೆ ಹೋಗುತ್ತಾಳೆ ಎಂದು ಇಲ್ಲಿನ ಅಂಗನವಾಡಿ ಬಿಡಿಸಬೇಡಿ.

ಅಕ್ಕ ಬರುವುದರೊಳಗೆ ನೀವು ಮಾಡಬಹುದಾದ ನಿಜವಾದ ಕೆಲಸ ಕಾಗದಗಳದ್ದು, ಮತ್ತು ಹೆಚ್ಚು ತೊಡಕು ಬರುವುದೂ ಅಲ್ಲಿಯೇ.

ಮಗುವಿನ ಜನನ ಪ್ರಮಾಣಪತ್ರ ಎಲ್ಲಿದೆ ನೋಡಿ. ಆಳಂದ, ಅಫಜಲಪುರದ ಕಡೆಯ ಹೆಣ್ಣುಮಕ್ಕಳು ಹೆರಿಗೆಗೆ ಸೋಲಾಪುರಕ್ಕೆ, ಬೀದರದವರು ಜಹೀರಾಬಾದ್, ಹೈದರಾಬಾದಿಗೆ ಹೋಗುವುದು ಸಾಮಾನ್ಯ. ಹೆರಿಗೆ ಎಲ್ಲಾಯಿತೋ ಪ್ರಮಾಣಪತ್ರ ಆ ಊರಿನ ನೋಂದಣಾಧಿಕಾರಿಯಿಂದಲೇ ಬರಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಅಂಗನವಾಡಿಯ ತಾಯಿ ಕಾರ್ಡ್ ಅದರ ಬದಲಿಗೆ ನಡೆಯುವುದಿಲ್ಲ. ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಹೆಸರು ಸೇರಿಸಿಸಿ. ಜನನ ನೋಂದಣಿಯೇ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ ಪ್ರಕರಣವಾದ್ದರಿಂದ ಮ್ಯಾಜಿಸ್ಟ್ರೇಟ್ ಅಧಿಕಾರವಿರುವ ಕಂದಾಯ ಅಧಿಕಾರಿಯ ಆದೇಶ ಬೇಕು. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಇದು ಉಪವಿಭಾಗದ ಮಟ್ಟದಲ್ಲೇ ಆಗುತ್ತದೆ.

ಹೆಸರುಗಳನ್ನು ಅಕ್ಷರ ಅಕ್ಷರ ಕೂಡಿಸಿ ನೋಡಿ. ತಾಯಿಯ ಆಧಾರಿನಲ್ಲಿ ಗಂಡನ ಮನೆಯ ಹೆಸರು, ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಮಗುವಿನ ಜನನ ಪ್ರಮಾಣಪತ್ರದಲ್ಲಿ ಕರೆಯುವ ಹೆಸರು ಇರುತ್ತದೆ. ತಂದೆಯ ಮರಣ ಪ್ರಮಾಣಪತ್ರದಲ್ಲಿ 'ಬಿರಾದಾರ' ಇದ್ದು ಜನನದಲ್ಲಿ 'ಪೊಲೀಸ್ ಪಾಟೀಲ' ಇದ್ದರೆ ಅಮೆರಿಕದ ಅಧಿಕಾರಿಗೆ ಅವರಿಬ್ಬರೂ ಬೇರೆ ಬೇರೆ ಮನುಷ್ಯರು. ಆಧಾರ್ ತಿದ್ದಿಸುವುದು ಸುಲಭ, ಜನನ-ಮರಣದ ದಾಖಲೆ ತಿದ್ದಿಸಲು ಹೆಚ್ಚು ಸಮಯ ಬೇಕು. ಆದ್ದರಿಂದ ಜನನ ಪ್ರಮಾಣಪತ್ರದಲ್ಲಿರುವುದನ್ನು ಆಧಾರವಾಗಿ ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಫಿಡವಿಟ್ ಒಂದರಿಂದ ಎಲ್ಲ ಸರಿಹೋಗುತ್ತದೆ ಎಂದು ಕೂರಬೇಡಿ, ಕೆಲವು ಕಡೆ ಅದು ನಡೆಯುತ್ತದೆ, ಕೆಲವು ಕಡೆ ಇಲ್ಲ. ಅಕ್ಕನ ಹಳೆಯ ಪಾಸ್‌ಪೋರ್ಟ್, ಅಂಕಪಟ್ಟಿಯಲ್ಲಿ ಗುಲ್ಬರ್ಗಾ, ಈಗಿನ ಕಾಗದಗಳಲ್ಲಿ ಕಲಬುರಗಿ ಎಂದಿರುತ್ತದೆ. 2014ರ ನವೆಂಬರ್ 1ರಿಂದ ಊರಿನ ಹೆಸರು ಬದಲಾಗಿದೆ ಎಂದು ಏಜೆನ್ಸಿ ಒಂದು ಟಿಪ್ಪಣಿ ಸೇರಿಸಿದರೆ ಸಾಕು, ಅದಕ್ಕಾಗಿ ಹಳೆಯ ಕಾಗದ ತಿದ್ದಿಸಬೇಡಿ.

ಅಕ್ಕ ಮತ್ತು ತಮ್ಮ ಒಂದೇ ತಂದೆ-ತಾಯಿಯ ಮಕ್ಕಳು ಎಂಬುದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರ ಪಡೆಯಿರಿ. ಅದರಲ್ಲಿ ಗ್ರಾಮ ಆಡಳಿತಾಧಿಕಾರಿಗಳು (ಮೊದಲಿನ ಗ್ರಾಮ ಲೆಕ್ಕಿಗರು) ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡುವುದುಂಟು. ಈ ಕೆಲಸಕ್ಕೆ ಅಕ್ಕನ ಹೆಸರೇ ಮುಖ್ಯ, ಕೈಗೆ ಬಂದ ಕೂಡಲೇ ಓದಿ ನೋಡಿ. ಅಕ್ಕ ಮತ್ತು ತಮ್ಮ ಇಬ್ಬರ ಶಾಲಾ ದಾಖಲೆಯಲ್ಲೂ ತಂದೆಯ ಹೆಸರು ಒಂದೇ ಇದ್ದರೆ ಅದು ಬಲವಾದ ಪೂರಕ ಪುರಾವೆ. ಕನ್ನಡ, ಮರಾಠಿ, ಉರ್ದು ಯಾವುದೇ ಇರಲಿ, ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಮಾಡಿಸಬೇಕು. ಅನುವಾದದಲ್ಲಿ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಂತೆಯೇ ಇರಲಿ. ಇವುಗಳ ಜೊತೆ ತಮ್ಮನ ಮರಣ ಪ್ರಮಾಣಪತ್ರ, ಅವರ ಮದುವೆಯ ದಾಖಲೆ, ತಾಯಿಯ ಗುರುತಿನ ಚೀಟಿ, ಮಗುವಿನ ಲಸಿಕೆಯ ಕಾರ್ಡ್ ಮತ್ತು ಇತ್ತೀಚಿನ ಫೋಟೋ ಸೇರಿಸಿಡಿ.

ಸಮಾಜ ಕಾರ್ಯಕರ್ತರು ಮನೆಗೆ ಬಂದಾಗ ತಾಯಿಯ ಜೊತೆ ಒಬ್ಬರೇ ಮಾತಾಡುತ್ತಾರೆ, ಏಳು ವರ್ಷದ ಅಣ್ಣನನ್ನೂ ಮಾತಾಡಿಸಬಹುದು. ಹುಡುಗಿಯನ್ನೇ ಯಾಕೆ ಕಳಿಸುತ್ತೀರಿ, ಹುಡುಗನನ್ನು ಯಾಕಲ್ಲ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಮನೆಯವರೆಲ್ಲ ಕಲಿತ ಉತ್ತರ ಹೇಳುವುದಕ್ಕಿಂತ ಇದ್ದದ್ದನ್ನು ಹೇಳುವುದು ಒಳ್ಳೆಯದು. ಹೆಣ್ಣು ಹೊರೆ ಎಂಬ ಕಾರಣ ಅದರಲ್ಲಿ ಎಲ್ಲಾದರೂ ಅಡಗಿದ್ದರೆ ಅದನ್ನು ನೀವೇ ಮೊದಲು ಎದುರಿಸಬೇಕು. 5 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುವುದು ನಿಯಮ. ಅಷ್ಟರಲ್ಲಿ ಹುಡುಗಿಗೆ 5 ತುಂಬುತ್ತದೆ. ಈಗಿನಿಂದಲೇ ಅತ್ತಿ ಮಾವನ ಜೊತೆ ವಾರವಾರ ವಿಡಿಯೋದಲ್ಲಿ ಮಾತಾಡಲಿ, ಅವರ ಮನೆ, ಅಲ್ಲಿನ ಹಿಮ, ಅವಳು ಮಲಗುವ ಕೋಣೆ ನೋಡಲಿ. 'ತಿರುಗಾಡಿ ಬರೋಣ' ಎಂದು ಸುಳ್ಳು ಹೇಳಿ ವಿಮಾನ ಹತ್ತಿಸಬೇಡಿ. ಅವ್ವ ಇಲ್ಲಿಯೇ ಇರುತ್ತಾಳೆ, ಅಣ್ಣ ಇಲ್ಲಿಯೇ ಇರುತ್ತಾನೆ, ಫೋನಿನಲ್ಲಿ ಸಿಗುತ್ತಾರೆ ಎಂಬ ಮಾತನ್ನು ತಾಯಿಯ ಬಾಯಿಂದಲೇ ಮತ್ತೆ ಮತ್ತೆ ಕೇಳಬೇಕು.

2022ರ ಸೆಪ್ಟೆಂಬರ್‌ನಿಂದ ದತ್ತಕದ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಹಳೆಯ ಮಾಹಿತಿ ಇಟ್ಟುಕೊಂಡ ವಕೀಲರು ಇನ್ನೂ ಜಿಲ್ಲಾ ನ್ಯಾಯಾಲಯ ಎನ್ನಬಹುದು. ಅರ್ಜಿ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗುತ್ತದೆ. ವಿಚಾರಣೆ ಗೋಪ್ಯ, ಎರಡು ತಿಂಗಳೊಳಗೆ ಮುಗಿಸಬೇಕೆಂಬುದು ಕಾಯ್ದೆಯ ಮಾತು. ಆದೇಶದಲ್ಲಿ ತೊಂದರೆ ಇದ್ದರೆ 30 ದಿನದೊಳಗೆ ಪ್ರಾದೇಶಿಕ ಆಯುಕ್ತರಿಗೆ ಮೇಲ್ಮನವಿ, ಅವರ ಕಚೇರಿ ಕಲಬುರಗಿಯಲ್ಲೇ ಇರುವುದು ನಮ್ಮ ಮೂರು ಜಿಲ್ಲೆಗಳಿಗೆ ಅನುಕೂಲ. ಆದೇಶದ ಪ್ರತಿ ಕೈಗೆ ಬಂದಾಗ ಮಗುವಿನ ಹುಟ್ಟಿದ ದಿನಾಂಕ ಮತ್ತು ಎಲ್ಲರ ಹೆಸರು ಅಲ್ಲಿಯೇ ನಿಂತು ಓದಿ. ತಪ್ಪಿದ್ದರೆ ಮುಂದಿನ ಎಲ್ಲ ಕಾಗದಕ್ಕೂ ಅದೇ ತಪ್ಪು ಹರಿದು ಹೋಗುತ್ತದೆ.

ಆದೇಶದ ಮೇಲೆ ಕಾರಾ ನಿರಾಕ್ಷೇಪಣಾ ಪತ್ರವನ್ನೂ, ಹೇಗ್ ಒಪ್ಪಂದದ 23ನೇ ವಿಧಿಯ ಅನುಸರಣಾ ಪ್ರಮಾಣಪತ್ರವನ್ನೂ ಕೊಡುತ್ತದೆ. ಮಗುವಿನ ಪಾಸ್‌ಪೋರ್ಟಿನಲ್ಲಿ ಅಕ್ಕ-ಮಾವನ ಹೆಸರು ತಂದೆ-ತಾಯಿಯಾಗಿ ಬರುವುದು ಈಗ, ಕಾನೂನುಬದ್ಧವಾಗಿ. ವೀಸಾ ಕೆಲಸ ದೆಹಲಿಯದು. ಹತ್ತಿರ ಎಂದು ಹೈದರಾಬಾದಿನ ಕಾನ್ಸುಲೇಟಿಗೆ ಓಡಬೇಡಿ. ದತ್ತಕ ಇಲ್ಲಿಯೇ ಪೂರ್ಣವಾಗಿರುವುದರಿಂದ ಐಎಚ್-3 ಎಂಬ ವೀಸಾ ಸಿಗುತ್ತದೆ. ಅದರ ಮೇಲೆ ಅಮೆರಿಕಕ್ಕೆ ಕಾಲಿಟ್ಟು ಪೌರ ತಂದೆ ಅಥವಾ ತಾಯಿಯ ಜೊತೆ ವಾಸ ಶುರುಮಾಡಿದ ಮಗುವಿಗೆ ಅಲ್ಲಿನ ಪೌರತ್ವ ತಾನಾಗಿಯೇ ಬರುತ್ತದೆ. ನಂತರ ಓಸಿಐ ಕಾರ್ಡ್ (ಹೊರದೇಶದ ಪೌರತ್ವ ಇರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿದರೆ ಊರಿಗೆ ಬಂದು ಹೋಗಲು ಪ್ರತಿ ಸಲ ವೀಸಾ ಬೇಕಾಗುವುದಿಲ್ಲ. ಮಗು ಹೋದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಏಜೆನ್ಸಿ ಅವಳ ಬಗ್ಗೆ ಕಾರಾಗೆ ವರದಿ ಕಳಿಸಬೇಕು. ಹೆತ್ತ ತಾಯಿ ಮತ್ತು ಒಡಹುಟ್ಟಿದವರ ಜೊತೆ ಮಗುವಿನ ಸಂಪರ್ಕ ಉಳಿಸುವುದು ದತ್ತು ಪಡೆದವರ ಹೊಣೆ ಎಂದು 60ನೇ ಕಲಮಿನಲ್ಲೇ ಬರೆದಿದೆ. ಆ ಮಾತು ಅಕ್ಕ-ಮಾವನಿಗೆ ಗೊತ್ತಿರಲಿ.

ನೀವು ಕೇಳದ ಒಂದು ವಿಷಯ, ಹೊಲದ್ದು. ತಮ್ಮ ತೀರಿಕೊಂಡ ದಿನವೇ ಅವರ ಪಾಲಿನ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ಮತ್ತು ನಿಮ್ಮ ತಾಯಿ ಬದುಕಿದ್ದರೆ ಅವರಿಗೂ ಹಕ್ಕು ಬಂದಿದೆ. ಹೀಗೆ ಈಗಾಗಲೇ ಮಗುವಿಗೆ ಸೇರಿದ ಆಸ್ತಿ ದತ್ತಕದ ನಂತರವೂ ಮಗುವಿನದೇ ಎಂದು ಬಾಲನ್ಯಾಯ ಕಾಯ್ದೆಯ 63ನೇ ಕಲಮು ಹೇಳುತ್ತದೆ. ಪೌತಿ ಖಾತೆ ಮಾಡಿಸುವಾಗ 'ಹೆಂಗೂ ಹೊಂಟಾಳ' ಎಂದು ಹುಡುಗಿಯ ಹೆಸರು ಪಹಣಿಯಿಂದ ಬಿಟ್ಟಿದ್ದರೆ ಸೇರಿಸಿ. ತೊಗರಿ ಹೊಲದ ಪಾಲು ಉಳಿಸಿಕೊಳ್ಳಲು ಮಗುವನ್ನು ಕಳಿಸುತ್ತಿದ್ದಾರೆ ಎಂಬ ತಕರಾರು ಯಾರಾದರೂ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರೆ ಇಡೀ ಪ್ರಕರಣ ನಿಲ್ಲಬಹುದು. ಅದಿರಲಿ, ಅದು ಅವಳಿಗೆ ಅವಳಪ್ಪನಿಂದ ಬಂದ ಪಾಲು.

ಇದೇ ಪ್ರಶ್ನೆ ಸೌದಿ, ಯುಎಇಯಲ್ಲಿ ಕೆಲಸಕ್ಕಿರುವ ನಮ್ಮ ಜಿಲ್ಲೆಗಳ ಕುಟುಂಬಗಳದೂ ಹೌದು. ಆ ದೇಶಗಳು ಹೇಗ್ ದತ್ತಕ ಒಪ್ಪಂದದಲ್ಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಹೋಮ್ ಸ್ಟಡಿ ಮಾಡಿಸಿ ಕಾರಾಗೆ ಅರ್ಜಿ ಹಾಕಬೇಕು. ಮಗುವಿಗೆ ಅಲ್ಲಿ ವಾಸದ ವೀಸಾ ಸಿಗುತ್ತದೆಯೇ ಎಂಬುದನ್ನು ಅದಕ್ಕಿಂತ ಮೊದಲೇ ಕೇಳಿಕೊಳ್ಳಬೇಕು.

ಒಂದು ವೇಳೆ ತಾಯಿ ಮನಸ್ಸು ಬದಲಿಸಿದರೆ ಆಕೆಯನ್ನು ಒತ್ತಾಯಿಸಬೇಡಿ. 'ಮಗುವನ್ನು ಶಿಶುಗೃಹಕ್ಕೆ ಒಪ್ಪಿಸಿದರೆ ಅಕ್ಕ ಅಲ್ಲಿಂದ ತಗೋಬಹುದು' ಎಂಬ ಸಲಹೆ ಬಂದರೆ ಖಂಡಿತ ಕೇಳಬೇಡಿ. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ ಮಗು ಎರಡು ತಿಂಗಳ ಮರುಯೋಚನೆಯ ಅವಧಿ ಮುಗಿದ ಮೇಲೆ ದೇಶದ ಸಾಮಾನ್ಯ ಸರದಿಗೆ ಸೇರುತ್ತದೆ. ಆ ಸರದಿಯಲ್ಲಿ ಮುಂದಿರುವ ಯಾವುದೋ ಊರಿನ ದಂಪತಿಗೆ ಹೋಗುತ್ತದೆ, ಅತ್ತೆ ಎಂಬ ಸಂಬಂಧಕ್ಕೆ ಅಲ್ಲಿ ಬೆಲೆಯಿಲ್ಲ. ಅಕ್ಕ-ಮಾವನಿಗೆ ಮಗು ಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಅವರು ಓಸಿಐ ಕಾರ್ಡುದಾರರಾಗಿ ಕಾರಾ ಮೂಲಕ ಬೇರೊಂದು ಮಗುವಿಗೆ ನೋಂದಾಯಿಸಬಹುದು. ಅಂತರದೇಶೀಯ ದತ್ತಕದಲ್ಲಿ ಅನಿವಾಸಿ ಭಾರತೀಯರಿಗೂ ಓಸಿಐಗಳಿಗೂ ಆದ್ಯತೆಯಿದೆ. ಅಲ್ಲಿ ಹೆಚ್ಚಾಗಿ ಕಾದಿರುವವರು 5 ವರ್ಷ ದಾಟಿದ ಮಕ್ಕಳು, ಒಟ್ಟಿಗೇ ಹೋಗಬೇಕಾದ ಅಣ್ಣತಂಗಿಯರು ಮತ್ತು ವಿಶೇಷ ಆರೈಕೆ ಬೇಕಾದ ಮಕ್ಕಳು. ಆ ದಾರಿಯೂ ಹೋಮ್ ಸ್ಟಡಿಯಿಂದಲೇ ಶುರುವಾಗುವುದರಿಂದ, ಈಗ ಮಾಡಿಸುವ ವರದಿಯನ್ನು ತಿದ್ದುಪಡಿಯೊಂದಿಗೆ ಅಲ್ಲಿಗೂ ಬಳಸಬಹುದೇ ಎಂದು ಅಕ್ಕ ತಮ್ಮ ಏಜೆನ್ಸಿಯನ್ನು ಮೊದಲ ಭೇಟಿಯಲ್ಲೇ ಕೇಳಲಿ.